ಸೈಡರ್ ಪೆಟ್ಟಿಗೆಯೂ ಹಣ್ಣಿನ ತೋಟವೂ

ಇಂಗ್ಲೆಂಡ್ ದೇಶದಲ್ಲಿ ಮನೆಯಲ್ಲಿಯೇ ಸೈಡರನ್ನು ತಯಾರಿಸಿಕೊಳ್ಳುವುದಕ್ಕೆ ಬೇಕಾದ ಸಾಮಗ್ರಿಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುವ ಪದ್ಧತಿಯು ರೂಢಿಯಲ್ಲಿದೆ. ಇದಕ್ಕೆ ಅಲ್ಲಿನವರು ಕಿಟ್ ಎನ್ನುವರು. ಸೈಡರ್ ಎಂದರೆ ಸೇಬಿನ ರಸವು ಹುದುಗೆದ್ದು ಆಗುವ ಪಾನೀಯ. ಅಮೆರಿಕದಲ್ಲಿ ಹುದುಗೇಳದ ಹಸಿ ರಸಕ್ಕೂ ಇದೇ ಹೆಸರಿರುವುದರಿಂದ ಓದುವವರು ಗೊಂದಲಕ್ಕೆ ಒಳಗಾಗಬಾರದು. ಪೆಟ್ಟಿಗೆಯೊಳಗೆ ಗಟ್ಟಿಯಾಗಿ ಬತ್ತಿಸಿದ ಸೇಬಿನ ರಸ, ಒಂದು ಚಿಕ್ಕ ಪೊಟ್ಟಣ ಯೀಸ್ಟ್, ಒಂದಿಷ್ಟು ಸಿಹಿಯ ಪುಡಿ, ಇವುಗಳ ಸಂಗಡ ಸ್ಟ್ರಾಬೆರಿ, ರಾಸ್ಪ್ಬೆರಿ, ಬ್ಲ್ಯಾಕ್‌ಕರಂಟ್ ಮೊದಲಾದ ಹಣ್ಣುಗಳ ಪರಿಮಳವುಳ್ಳ ಇನ್ನೊಂದು ಪೊಟ್ಟಣ ಇರುತ್ತವೆ. ನೀರೂ ಸಕ್ಕರೆಯೂ ಪಾತ್ರೆಯೂ ಇದ್ದರಾಯಿತು. ಕೊಂಡವನಿಗೆ ತೋಟ ಬೇಡ, ಮರ ಬೇಡ, ಗಾಣ ಬೇಡ.

ಮದ್ಯವೊಂದರ ವಿಚಾರವು ವ್ಯವಸಾಯದ ಪತ್ರಿಕೆಯಲ್ಲಿ ಏತಕ್ಕೆ ಎಂದು ಗ್ರಾಮದ ಮುಖಂಡರೂ ಜಮೀನುದಾರರೂ ಕೇಳುವುದು ಸಹಜವೇ. ಆ ಪಾನೀಯವನ್ನು ಯಾರಿಗಾದರೂ ಶಿಫಾರಸು ಮಾಡುವುದು ಈ ಲೇಖನದ ಉದ್ದೇಶವಲ್ಲ. ಹಣ್ಣು ಬೆಳೆಯುವವನ ದೃಷ್ಟಿಯಿಂದ ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಅದರಲ್ಲಿ ಕಲಿಯತಕ್ಕ ಸಂಗತಿಯೊಂದೂ ಎಚ್ಚರಿಕೆಯಿಂದ ಇರತಕ್ಕ ಸಂಗತಿಯೊಂದೂ ಕಂಡುಬರುತ್ತವೆ. ಶುಚಿತ್ವ ಮತ್ತು ಅಳತೆ ಕಲಿಯತಕ್ಕವು. ಎಚ್ಚರಿಕೆಯು ಬೇಕಾದುದು ಆ ಪರಿಮಳದ ಪೊಟ್ಟಣದ ವಿಷಯದಲ್ಲಿ. ಹಣ್ಣಿಲ್ಲದೆ ಹಣ್ಣಿನ ವಾಸನೆಯು ಮಾರಾಟವಾಗುವ ಕಡೆ ಬೆಳೆಗಾರನ ಪಾಲು ಎಷ್ಟೆಂಬುದನ್ನು ಲೆಕ್ಕ ಹಾಕದೆ ಇರಲಾಗದು.

ಇಂಗ್ಲೆಂಡಿನ ಪಶ್ಚಿಮ ಭಾಗದ ಹೆರಿಫರ್ಡ್, ಸಾಮರ್‌ಸೆಟ್, ಡೆವನ್, ಗ್ಲಾಸ್ಟರ್ ಪ್ರಾಂತಗಳಲ್ಲಿ ಸೈಡರ್ ಬಹುಕಾಲದ ಗೃಹಕೃತ್ಯ. ಅಲ್ಲಿನ ಸೈಡರಿನ ಸೇಬು ತಿನ್ನುವ ಸೇಬಲ್ಲ. ಅನೇಕ ಜಾತಿಗಳನ್ನು ಬಾಯಿಗೆ ಹಾಕಿಕೊಂಡರೆ ಎಳೆ ನೆಲ್ಲಿಕಾಯಿಯನ್ನು ಕಡಿದಂತೆ ನಾಲಿಗೆಯು ಒಗರಿನಿಂದ ಸೆಟೆದುಕೊಳ್ಳುತ್ತದೆ. ಆ ಒಗರೇ ಪಾನೀಯಕ್ಕೆ ಮೈಕಟ್ಟನ್ನು ಕೊಡತಕ್ಕ ವಸ್ತು. ಸಿಹಿ, ಹುಳಿ, ಕಹಿಸಿಹಿ, ಕಹಿಹುಳಿ ಎಂದು ಈ ಸೇಬುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿರುವರು. ಕಿಂಗ್‌ಸ್ಟನ್ ಬ್ಲ್ಯಾಕ್, ಡ್ಯಾಬಿನೆಟ್, ಯಾರ್ಲಿಂಗ್‌ಟನ್ ಮಿಲ್, ಫಾಕ್ಸ್‌ವೆಲ್ಪ್ ಮುಂತಾದ ಹೆಸರುಗಳು ಅಲ್ಲಿನ ರೈತನಿಗೆ, ಈ ಸೀಮೆಯ ರೈತನಿಗೆ ರಾಜಮುಡಿ, ರತ್ನಚೂಡಿ ಇರುವಂತೆ. ಯಾವ ಮರದ ರಸವನ್ನು ಯಾವುದರೊಡನೆ ಎಷ್ಟು ಬೆರೆಸಬೇಕೆಂಬುದು ಮನೆತನದ ವಿದ್ಯೆಯಾಗಿತ್ತು.

ಹಣ್ಣನ್ನು ಅರೆಯುವ ಯಂತ್ರವು ಎಣ್ಣೆಯ ಗಾಣವನ್ನು ಕಂಡವರಿಗೆ ಅಪರಿಚಿತವಾಗಿ ತೋರದು. ವೃತ್ತಾಕಾರದ ಕಲ್ಲಿನ ದೋಣಿಯಲ್ಲಿ ಕಲ್ಲಿನ ಚಕ್ರವನ್ನು ಕುದುರೆಯು ಸುತ್ತಿಸುತ್ತಿತ್ತು. ಅರೆದ ಹಿಪ್ಪೆಯನ್ನು ಹೆರಿಫರ್ಡಿನವರು ಕುದುರೆಯ ಕೂದಲಿನ ಬಟ್ಟೆಯಲ್ಲಿಯೂ ಸಾಮರ್‌ಸೆಟ್ಟಿನವರು ಹುಲ್ಲಿನಲ್ಲಿಯೂ ಪದರ ಪದರವಾಗಿ ಮಡಿಸಿ ಒತ್ತುತ್ತಿದ್ದರು. ರಸವನ್ನು ಮರದ ಪೀಪಾಯಿಗೆ ತುಂಬಿಟ್ಟರೆ ಸಾಕು. ಹಣ್ಣಿನ ಸಿಪ್ಪೆಯಲ್ಲಿಯೂ ಗಾಣದಲ್ಲಿಯೂ ತಾನಾಗಿ ನೆಲೆಸಿದ್ದ ಹುದುಗು ಉಳಿದ ಕೆಲಸವನ್ನು ಮಾಡುತ್ತಿತ್ತು. ಹಿಂಡಿದ ಹಿಪ್ಪೆ ದನಗಳಿಗೂ ಹಂದಿಗಳಿಗೂ ಆಗುತ್ತಿತ್ತು. ಎತ್ತರದ ಮರಗಳ ಕೆಳಗೆ ಕುರಿಗಳು ಮೇಯುತ್ತಿದ್ದುದರಿಂದ ಒಂದೇ ಭೂಮಿಯಲ್ಲಿ ಎರಡು ಫಲ. ಕೂಲಿಯಾಳಿಗೆ ಸಂಬಳದ ಒಂದು ಭಾಗವನ್ನು ಸೈಡರಿನ ರೂಪದಲ್ಲಿಯೇ ಕೊಡುತ್ತಿದ್ದರು. ಬಡವನ ಕೂಲಿಯನ್ನು ಕುಡಿತಕ್ಕೆ ಜಮಾ ಮಾಡುವ ಈ ಪದ್ಧತಿಯನ್ನು 1887ನೆಯ ಇಸವಿಯ ಕಾನೂನು ನಿಷೇಧಿಸಿತು. ನಿಷೇಧಿಸಿದ್ದು ಸರಿಯೆಂದೇ ಹೇಳಬೇಕು.

ಹೀಗೆಂದ ಮಾತ್ರಕ್ಕೆ ಹಿಂದಿನದೆಲ್ಲ ಒಳ್ಳೆಯದು, ಪೆಟ್ಟಿಗೆಯು ಬಂದ ಮೇಲೆ ಕೆಟ್ಟಿತು ಎಂದು ವಾದಿಸುವವರ ಮಾತನ್ನು ಒಪ್ಪತಕ್ಕದ್ದಲ್ಲ. ಹಳೆಯ ಮನೆಗಳಲ್ಲಿ ಪೀಪಾಯಿಯ ಪಾನೀಯವು ವಿನೆಗರ್ ಆಗಿ ಹೋಗುವುದೂ ನೂಲುನೂಲಾಗಿ ಎಳೆ ಕಟ್ಟುವುದೂ ಸಾಮಾನ್ಯವಾಗಿತ್ತು. ಇದಕ್ಕಿಂತ ಘೋರವಾದದ್ದು ಡೆವನ್ ಪ್ರಾಂತದ ಹೊಟ್ಟೆನೋವು. ಅಲ್ಲಿನ ಜನರು ತಲೆಮಾರುಗಳಿಂದ ಕರುಳನ್ನು ಹಿಂಡುವ ಶೂಲೆಯಿಂದಲೂ, ಮಣಿಕಟ್ಟು ಸೋತುಹೋಗುವ ವಾತದಿಂದಲೂ ನರಳುತ್ತಿದ್ದರು. ಕೆಲವರು ಸೇಬಿನ ಹುಳಿಯೇ ಕಾರಣವೆಂದರು. 1767ರಲ್ಲಿ ಡಾಕ್ಟರ್ ಜಾರ್ಜ್ ಬೇಕರ್ ಎಂಬವರು ಡೆವನ್ನಿನ ಸೈಡರನ್ನು ಪರೀಕ್ಷಿಸಿ ಅದರಲ್ಲಿ ಸೀಸವಿರುವುದೆಂದೂ, ಶೂಲೆಯಿಲ್ಲದ ಹೆರಿಫರ್ಡಿನ ಸೈಡರಿನಲ್ಲಿ ಅದು ಇಲ್ಲವೆಂದೂ ತೋರಿಸಿಕೊಟ್ಟರು. ಗಾಣದ ಕಲ್ಲುಗಳನ್ನು ಬೆಸೆಯುವುದಕ್ಕೂ ಒತ್ತುವ ಹಾಸಿಗೆಗೆ ಒಳಗೋಡೆಯಾಗಿಯೂ ಡೆವನ್ನಿನವರು ಸೀಸವನ್ನು ಉಪಯೋಗಿಸುತ್ತಿದ್ದರು. ಹುಳಿಯು ಸೀಸವನ್ನು ಕರಗಿಸಿ ಪ್ರತಿ ಲೋಟದಲ್ಲಿಯೂ ವಿಷವನ್ನು ಬೆರೆಸುತ್ತಿತ್ತು. ತಮ್ಮ ಹಣ್ಣಿನ ಮೇಲೆ ಅಪವಾದ ಬಂತೆಂದು ಡೆವನ್ನಿನವರು ಡಾಕ್ಟರನ್ನು ನಿಂದಿಸಿದರು. ಆದರೂ ಸೀಸವನ್ನು ತೆಗೆದುಹಾಕುತ್ತ ಬಂದಂತೆ ಶೂಲೆಯೂ ಕಡಮೆಯಾಯಿತು. ತಾತನ ಕಾಲದ ಪಾತ್ರೆಯೆಂಬ ಗೌರವದಿಂದ ಪಾತ್ರೆಯ ದೋಷವು ನಿವಾರಣೆಯಾಗುವುದಿಲ್ಲ.

ಮನೆಯ ಪಾನೀಯದ ಮೇಲೆ ಸರ್ಕಾರದ ಕಣ್ಣು ಬೀಳುವುದೂ ಹೊಸದಲ್ಲ. 1763ರಲ್ಲಿ ಅಲ್ಲಿನ ಪಾರ್ಲಿಮೆಂಟು ಸೈಡರಿನ ಪ್ರತಿ ದೊಡ್ಡ ಪೀಪಾಯಿಗೆ ನಾಲ್ಕು ಷಿಲಿಂಗು ಸುಂಕವನ್ನು ತಯಾರಿಸಿದವನ ಮೇಲೆಯೇ ವಿಧಿಸಿತು. ಸುಂಕಕ್ಕಿಂತ ಹೆಚ್ಚಾಗಿ, ಅಧಿಕಾರಿಗಳು ಮನೆಯೊಳಗೆ ಹೊಕ್ಕು ನೋಡುವ ಹಕ್ಕು ಜನರನ್ನು ಕೆರಳಿಸಿತು. ಮೂರೇ ವರ್ಷಗಳಲ್ಲಿ, 1766ರಲ್ಲಿ, ಅದನ್ನು ರದ್ದುಗೊಳಿಸಬೇಕಾಯಿತು. 1976ರಲ್ಲಿ ಸುಂಕವು ಪುನಃ ಬಂದಾಗ ವರ್ಷಕ್ಕೆ 7,000 ಲೀಟರಿಗೆ ಮೀರದಂತೆ ಮಾರಾಟಕ್ಕೆ ತಯಾರಿಸುವ ಸಣ್ಣ ರೈತರನ್ನು ಬಿಟ್ಟುಬಿಟ್ಟರು. ದೊಡ್ಡ ಕಾರ್ಖಾನೆಗಳ ನಡುವೆ ಸಣ್ಣ ತೋಟಗಾರರು ಉಳಿದುಕೊಳ್ಳುವುದಕ್ಕೆ ಈ ವಿನಾಯಿತಿಯಿಂದ ಬಹಳ ಸಹಾಯವಾಯಿತು.

ಸೈಡರಿಗೆ ಶಾಸ್ತ್ರದ ಸಹಾಯವು ದೊರೆತದ್ದು 1903ರಲ್ಲಿ. ಆ ವರ್ಷ ಬ್ರಿಸ್ಟಲ್ ಪಟ್ಟಣದ ಹತ್ತಿರ ಲಾಂಗ್ ಆಷ್ಟನ್ ಎಂಬಲ್ಲಿ ಹಣ್ಣು ಮತ್ತು ಸೈಡರಿನ ಸಂಶೋಧನಾಲಯವು ಸ್ಥಾಪಿತವಾಯಿತು. ನೂರು ವರ್ಷ ಕೆಲಸ ಮಾಡಿ 2003ರಲ್ಲಿ ಅದು ಮುಚ್ಚಿಹೋಯಿತು. ಮೇಲೆ ಹೇಳಿದ ನಾಲ್ಕು ವರ್ಗಗಳ ವಿಂಗಡಣೆಯು ಅಲ್ಲಿನದೇ. ಹುದುಗನ್ನು ಆರಿಸಿ ಹಾಕುವುದು, ಪಾತ್ರೆಗಳನ್ನು ಕ್ರಿಮಿರಹಿತವಾಗಿ ಮಾಡುವುದು, ರಸವನ್ನು ಅಳೆದು ನೋಡುವುದು ಇವೆಲ್ಲ ಇಂತಹ ಸಂಶೋಧನೆಗಳಿಂದ ಮನೆಗಳಿಗೆ ಇಳಿದು ಬಂದ ವಿದ್ಯೆ. ಈಗಿನ ಪೆಟ್ಟಿಗೆಯ ಉತ್ತಮವಾದ ಭಾಗವು ಈ ವಿದ್ಯೆಯ ಸಾರವೇ ಆಗಿರುತ್ತದೆ.

ಪೆಟ್ಟಿಗೆಯ ಕ್ರಮವು ಹೀಗೆ. ಮೊದಲು ಪಾತ್ರೆ, ಕೊಳವೆ, ಸೌಟು ಯಾವತ್ತನ್ನೂ ಕ್ರಿಮಿನಾಶಕದ ನೀರಿನಲ್ಲಿ ತೊಳೆಯತಕ್ಕದ್ದು. ಗಟ್ಟಿ ರಸವನ್ನೂ ಸಕ್ಕರೆಯನ್ನೂ ಬಿಸಿನೀರಿನಲ್ಲಿ ಕದಡಿ, ತಣ್ಣೀರು ಸೇರಿಸಿ ಸುಮಾರು 23 ಲೀಟರು ಮಾಡಿ, ಬೆಚ್ಚಗಾದ ಮೇಲೆ ಯೀಸ್ಟನ್ನು ಉದುರಿಸುವರು. 18ರಿಂದ 24 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಟ್ಟರೆ ಹುದುಗೇಳುತ್ತದೆ. ಒಳಗಿನ ಅನಿಲವು ಹೊರಗೆ ಹೋಗಿ ಹೊರಗಿನ ಗಾಳಿಯು ಒಳಗೆ ಬಾರದಂತೆ ನೀರು ತುಂಬಿದ ಸಣ್ಣ ಬೀಗವನ್ನು ಮುಚ್ಚಳಕ್ಕೆ ಸಿಕ್ಕಿಸಿರುತ್ತಾರೆ. ಹಾಲಿಗೆ ನೀರು ಬೆರೆಸಿರುವುದನ್ನು ಕಂಡುಹಿಡಿಯುವ ಲ್ಯಾಕ್ಟೋಮೀಟರನ್ನು ಹೋಲುವ ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆಯನ್ನು ರಸದಲ್ಲಿ ತೇಲಿಬಿಟ್ಟು ಸಕ್ಕರೆಯು ಎಷ್ಟು ಉಳಿದಿದೆಯೆಂದು ತಿಳಿಯುವರು. ಹಸಿ ಸೇಬಿನ ರಸದಲ್ಲಿ ಸಾಮಾನ್ಯವಾಗಿ 1.045ರಿಂದ 1.055ರ ವರೆಗೆ ತೋರುವ ಅಂಕವು ಹುದುಗು ಮುಗಿದಾಗ 1.000ಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯು ನೂರಕ್ಕೆ ಒಂದು ಪಾಲು ಮದ್ಯಸಾರವಾಗುವುದೆಂಬ ಲೆಕ್ಕವನ್ನು ಬಲ್ಲವನು ಕಣ್ಣಂದಾಜನ್ನು ನಂಬಬೇಕಾಗಿಲ್ಲ. ಅಂಕವು ಎರಡು ಮೂರು ದಿನ ಒಂದೇ ಸಮನಾಗಿ ನಿಂತ ಮೇಲೆ ಮಾತ್ರ ಸೀಸೆಗೆ ತುಂಬತಕ್ಕದ್ದು. ಬುರುಗು ಬೇಕೆನ್ನುವವರು ಪ್ರತಿ ಪೈಂಟಿಗೆ ಅರ್ಧ ಟೀ ಚಮಚದಷ್ಟು ಸಕ್ಕರೆಯನ್ನು ಹಾಕಿ ಬಿರಡೆಯನ್ನು ಬಿಗಿಯುವರು. ಇದಕ್ಕೆ ಮೀರಿ ಹಾಕಿದರೆ, ಅಥವಾ ಹುದುಗು ಮುಗಿಯುವ ಮುಂಚೆ ಆತುರಪಟ್ಟು ಬಿಗಿದರೆ, ಗಾಜಿನ ಸೀಸೆಯು ಸಿಡಿದು ಕಣ್ಣಿಗೂ ಕೈಗೂ ಅಪಾಯ.

ಇಷ್ಟರ ಮಟ್ಟಿಗೆ ಪೆಟ್ಟಿಗೆಯ ಮೇಲೆ ದೂರಿಲ್ಲ. ಪರಿಮಳದ ಪೊಟ್ಟಣದ ಅಗತ್ಯವು ಎಲ್ಲಿಂದ ಬಂತೆಂಬುದನ್ನು ವಿಚಾರಿಸಿದಾಗ ವಿಷಯವು ಬೇರೆಯಾಗುತ್ತದೆ. ಯೀಸ್ಟು ರಸದ ಸಕ್ಕರೆಯನ್ನೆಲ್ಲ ತಿಂದುಹಾಕುವುದರಿಂದ ಉಳಿಯುವ ಪಾನೀಯದಲ್ಲಿ ಸಿಹಿಯಿರುವುದಿಲ್ಲ. ಒಳ್ಳೆಯ ಕಹಿಸಿಹಿ ಸೇಬಿನ ರಸವಾದರೆ ಸಿಹಿಯು ಹೋದ ಮೇಲೆಯೂ ಒಗರು, ಹುಳಿ, ವಾಸನೆಗಳು ಉಳಿದು ಬಾಯಿಗೆ ತೃಪ್ತಿಯನ್ನು ಕೊಡುತ್ತವೆ. ಪೆಟ್ಟಿಗೆಯ ರಸವೋ ಬತ್ತಿಸುವಾಗಲೇ ಹಣ್ಣಿನ ಸುವಾಸನೆಯ ಬಹುಭಾಗವನ್ನು ಆವಿಯೊಡನೆ ಕಳೆದುಕೊಂಡಿರುತ್ತದೆ; ಸಕ್ಕರೆಯನ್ನೂ ನೀರನ್ನೂ ಸೇರಿಸಿದ ಮೇಲೆ ಅದು ಮತ್ತಷ್ಟು ಸಪ್ಪೆಯಾಗುತ್ತದೆ. ಈ ಸಪ್ಪೆಯನ್ನು ಮುಚ್ಚುವುದಕ್ಕಾಗಿ ಯೀಸ್ಟು ತಿನ್ನಲಾರದ ಕೃತಕ ಸಿಹಿ. ಅದರ ಮೇಲೆ ಸ್ಟ್ರಾಬೆರಿಯ ವಾಸನೆ. ನಿಜವಾದ ಹಣ್ಣಿನ ಗಟ್ಟಿ ರಸವನ್ನೇ ಇಡುವ ಪೆಟ್ಟಿಗೆಗಳೂ ಇವೆಯೆಂಬುದನ್ನು ಹೇಳದಿದ್ದರೆ ನ್ಯಾಯವಲ್ಲ. ಆದರೆ ವಾಸನೆ ಮಾತ್ರವೇ ಇರುವ ಪೊಟ್ಟಣದಲ್ಲಿ ಸ್ಟ್ರಾಬೆರಿಯ ರೈತನಿಗೂ ಪಾಲಿಲ್ಲ, ಕಹಿಸಿಹಿ ಸೇಬಿನ ರೈತನಿಗೂ ಪಾಲಿಲ್ಲ.

ಪಟ್ಟಣದ ಮಹಡಿಯ ಮೇಲೆ ವಾಸಿಸುವವನು ಮರವನ್ನು ಎಲ್ಲಿಂದ ತರಲಿ, ಅವನ ಸಂತೋಷಕ್ಕೆ ಅಡ್ಡಿ ಏಕೆ ಎಂದು ಪೆಟ್ಟಿಗೆಯ ಪಕ್ಷದವರು ಕೇಳುವರು. ಕೇಳತಕ್ಕ ಪ್ರಶ್ನೆಯೇ. ಪೆಟ್ಟಿಗೆಯಿಂದ ಆರಂಭಿಸಿ, ಶುಚಿತ್ವವನ್ನೂ ಹೈಡ್ರೋಮೀಟರನ್ನೂ ಕಲಿತು, ಬಳಿಕ ಹತ್ತಿರದ ತೋಟದಿಂದ ಹಣ್ಣನ್ನು ಕೊಂಡು ತಂದು ಒತ್ತಿಕೊಳ್ಳುವವರಿಗೆ ಪೆಟ್ಟಿಗೆಯು ಅಕ್ಷರಾಭ್ಯಾಸದ ಮರಳಿನ ತಟ್ಟೆಯಂತೆ ಉಪಕಾರಿ. ತೋಟವಿರುವವನೇ, ಹಣ್ಣು ಹುಲ್ಲಿನ ಮೇಲೆ ಬಿದ್ದು ಕೊಳೆಯುತ್ತಿರುವಾಗ, ಅಂಗಡಿಯಿಂದ ಪರಿಮಳದ ಪೊಟ್ಟಣವನ್ನು ತರಿಸಿಕೊಂಡರೆ ಆಗ ಅದನ್ನು ಏನೆಂದು ಕರೆಯಬೇಕು? ಹಣ್ಣನ್ನೇ ಬೆರೆಸುವ ಮಾರ್ಗವು ಕಷ್ಟವಾದದ್ದಲ್ಲ. ಸೇಬಿನ ರಸದ ಮೊದಲನೆಯ ರಭಸದ ಹುದುಗು ತಗ್ಗಿದ ಮೇಲೆ ಬ್ಲ್ಯಾಕ್‌ಕರಂಟ್ ಅಥವಾ ರಾಸ್ಪ್ಬೆರಿಯನ್ನು ಹಿಸುಕಿ ಹಾಕಿ ಕೆಲವು ದಿನ ಬಿಟ್ಟು ಸೋಸಿದರೆ ಬಣ್ಣವೂ ವಾಸನೆಯೂ ಬರುತ್ತವೆ. ಹಣ್ಣಿನ ಸಕ್ಕರೆಯೂ ಹುದುಗೇಳುವುದರಿಂದ ಅದು ಮುಗಿಯುವ ವರೆಗೆ ತಾಳ್ಮೆ ಬೇಕು, ಅಷ್ಟೆ.

ಹೆಸರಿನ ವಿಷಯದಲ್ಲಿ ಇಂಗ್ಲೆಂಡಿನ ಸುಂಕದ ಕಾನೂನು ಬಹುಕಾಲ ಬಿಗಿಯಾಗಿತ್ತು. ಸೈಡರಿಗೆ ಬೇರೆ ಹಣ್ಣಿನ ರಸವನ್ನಾಗಲಿ ಪರಿಮಳವನ್ನಾಗಲಿ ಬೆರೆಸಿ ಮಾರಿದರೆ ಅದನ್ನು ಸೈಡರೆಂದು ಎಣಿಸದೆ, ತಯಾರಿಸಿದ ವೈನ್ ಎಂಬ ಬೇರೆ ವರ್ಗಕ್ಕೆ ಸೇರಿಸಿ ಹೆಚ್ಚು ಸುಂಕವನ್ನು ತೆಗೆದುಕೊಳ್ಳುತ್ತಿದ್ದರು. 2023ರ ಆಗಸ್ಟಿನಲ್ಲಿ ಈ ವರ್ಗೀಕರಣವನ್ನು ಬದಲಾಯಿಸಿದರು. 2010ರಲ್ಲಿ ಸೈಡರೆನ್ನಿಸಿಕೊಳ್ಳಬೇಕಾದರೆ ನೂರಕ್ಕೆ 35 ಪಾಲಾದರೂ ಸೇಬು ಅಥವಾ ಪೇರ್ ಹಣ್ಣಿನ ರಸವಿರಬೇಕೆಂದು ವಿಧಿಸಿದರು. ನೂರಕ್ಕೆ 35 ಎಂಬುದು ತೋಟಗಾರನಿಗೆ ದೊಡ್ಡ ಗೌರವವೇನೂ ಅಲ್ಲ. ಒಂದು ಮಿತಿಯೂ ಇಲ್ಲದಿದ್ದ ಕಾಲಕ್ಕಿಂತ ಉತ್ತಮವೆನ್ನಬಹುದು.

ಲಾಂಗ್ ಆಷ್ಟನ್ನಿನ ಇನ್ನೊಂದು ಕೆಲಸವು ಮದ್ಯವನ್ನು ಬಯಸದ ಓದುಗರಿಗೆ ಹೆಚ್ಚು ಉಪಯುಕ್ತವಾದದ್ದು. ಸೈಡರಿಗಾಗಿ ಹುಟ್ಟಿದ ಆ ಸಂಸ್ಥೆಯಲ್ಲಿಯೇ 1930ರ ದಶಕದಲ್ಲಿ ವರ್ನನ್ ಚಾರ್ಲಿ ಎಂಬ ಶಾಸ್ತ್ರಜ್ಞರು ಹುದುಗೇಳಿಸದೆ ಹಣ್ಣಿನ ಷರಬತ್ತುಗಳನ್ನು ಮಾಡುವ ವಿಧಾನಗಳನ್ನು ಶೋಧಿಸಿದರು. ಅವುಗಳಲ್ಲಿ ಬ್ಲ್ಯಾಕ್‌ಕರಂಟಿನ ಷರಬತ್ತು 1938ರಲ್ಲಿ ರೈಬೀನಾ ಎಂಬ ಹೆಸರಿನಿಂದ ಅಂಗಡಿಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಕಿತ್ತಳೆಯ ಹಡಗುಗಳು ಬರುವುದು ಕಷ್ಟವಾದಾಗ, ಸಿ ಜೀವಸತ್ವವು ಹೇರಳವಾಗಿರುವ ಬ್ಲ್ಯಾಕ್‌ಕರಂಟಿನ ಷರಬತ್ತನ್ನು ಅಲ್ಲಿನ ಮಕ್ಕಳಿಗೆ ಹಂಚಿದರು. ಪೆಟ್ಟಿಗೆಯಲ್ಲಿ ಯಾವ ಹಣ್ಣು ಬರಿಯ ವಾಸನೆಯಾಗಿ ಉಳಿದಿದೆಯೋ, ಅದೇ ಹಣ್ಣು ಇಲ್ಲಿ ತಾನೇ ರಸವಾಗಿ ಬಂದು ಬೆಳೆಗಾರನಿಗೆ ಬೆಲೆಯನ್ನೂ ಮಗುವಿಗೆ ಪುಷ್ಟಿಯನ್ನೂ ಕೊಟ್ಟಿತು.

ಇನ್ನು ಕನ್ನಡ ಸೀಮೆಯ ವಿಚಾರ. ಇಂಗ್ಲೆಂಡಿನಂತೆ ಇಲ್ಲಿ ಸೈಡರ್ ಪೆಟ್ಟಿಗೆಯನ್ನು ತಂದು ಮನೆಯಲ್ಲಿ ಹುದುಗೆಬ್ಬಿಸುವುದಕ್ಕೆ ಅವಕಾಶವಿಲ್ಲ. 1965ನೆಯ ಇಸವಿಯ ಕರ್ನಾಟಕ ಅಬಕಾರಿ ಕಾಯಿದೆಯ ಮೇರೆಗೆ ಲೈಸೆನ್ಸು ಇಲ್ಲದೆ ಮಾದಕ ಪಾನೀಯವನ್ನು ತಯಾರಿಸುವುದು ಅಪರಾಧ. ಪೆಟ್ಟಿಗೆಯನ್ನು ಯಾರಾದರೂ ಪರದೇಶದಿಂದ ಉಡುಗೊರೆಯಾಗಿ ತಂದರೂ, ಸಂಬಂಧಿಕರ ಮನೆಯ ಮದುವೆಗಾಗಿ ಎಂದರೂ, ಕಾಯಿದೆಯು ವ್ಯತ್ಯಾಸ ಮಾಡುವುದಿಲ್ಲವೆಂಬುದನ್ನು ಗ್ರಾಮದ ಮುಖಂಡರು ತಿಳಿದಿರುವುದು ಉತ್ತಮ.

ಆದರೆ ಪೆಟ್ಟಿಗೆಯಿಂದ ಕಲಿತ ಅಳತೆಗೂ ಶುಚಿತ್ವಕ್ಕೂ ಲೈಸೆನ್ಸು ಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಗೇರು ತೋಟಗಳನ್ನು ಬೇಸಗೆಯಲ್ಲಿ ಹೊಕ್ಕು ನೋಡಿದವರಿಗೆ ನೆಲದ ಮೇಲೆ ಕೆಂಪಾಗಿಯೂ ಹಳದಿಯಾಗಿಯೂ ಹರಡಿ ನೊಣಗಳಿಗೆ ಆಹಾರವಾಗುತ್ತಿರುವ ಗೇರುಹಣ್ಣಿನ ರಾಶಿಯು ಗೊತ್ತೇ ಇದೆ. ಬೀಜವನ್ನು ತಿರುಚಿಕೊಂಡು ಹಣ್ಣನ್ನು ಎಸೆಯುವುದೇ ಹೆಚ್ಚಿನ ಕಡೆ ನಡೆದುಬಂದ ರೂಢಿ. ಸೈಡರಿನ ಸೇಬಿನಂತೆಯೇ ಇದೂ ಒಗರಿನ ಹಣ್ಣು. ಗಂಟಲನ್ನು ಹಿಡಿಯುವ ಆ ಒಗರಿನಿಂದಲೇ ಇದು ತಿರಸ್ಕಾರಕ್ಕೆ ಗುರಿಯಾಗಿದೆ. ಹೆರಿಫರ್ಡಿನ ರೈತನು ಒಗರನ್ನು ಉಪಯೋಗಕ್ಕೆ ಹಚ್ಚಿದನು. ಗೇರಿನ ರಸದಲ್ಲಾದರೋ ಅದನ್ನು ತೆಗೆಯತಕ್ಕದ್ದು. ಅದಕ್ಕೆ ಅಡುಗೆಮನೆಯ ಸಬ್ಬಕ್ಕಿಯೇ ಸಾಕು. ಸಬ್ಬಕ್ಕಿಯನ್ನು ಪುಡಿ ಮಾಡಿ ನೀರಿನಲ್ಲಿ ಬೇಯಿಸಿ, ಆರಿದ ಗಂಜಿಯನ್ನು ರಸಕ್ಕೆ ಬೆರೆಸಿ ಕೆಲವು ಗಂಟೆ ಅಲುಗಿಸದೆ ಇಟ್ಟರೆ ಒಗರಿನ ಅಂಶವು ಗಂಜಿಯೊಡನೆ ಕೂಡಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬಹುದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಈ ಹಣ್ಣಿನ ಉಪಯೋಗದ ವಿಷಯವಾಗಿ ತಿಳಿವಳಿಕೆ ದೊರೆಯುತ್ತದೆ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದವರೂ ಹಣ್ಣಿನ ರಸಗಳನ್ನು ಕೆಡದಂತೆ ಕಾಪಾಡುವ ಕ್ರಮಗಳನ್ನು ಕಲಿಸುತ್ತಾರೆ.

ಪರಿಮಳದ ಪೊಟ್ಟಣವನ್ನು ಹುಡುಕಿಕೊಂಡು ಹೋಗಬೇಕಾದ ದಾರಿದ್ರ್ಯವು ಈ ಸೀಮೆಗೆ ಬಂದಿಲ್ಲ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹೆಂಗಸರು ಪುನರ್ಪುಳಿಯ ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ ಷರಬತ್ತು ಮಾಡುವುದು ಹಳೆಯ ವಾಡಿಕೆ. ಅದರ ಕೆಂಪು ಬಣ್ಣಕ್ಕೂ ಹುಳಿಗೂ ಅಂಗಡಿಯ ಸಾಮಾನು ಬೇಕಾಗಿಲ್ಲ. ಬೆಂಗಳೂರಿನ ಸುತ್ತಿನ ನೀಲಿ ದ್ರಾಕ್ಷಿಗೆ ತನ್ನದೇ ಆದ ಗಾಢವಾದ ವಾಸನೆಯುಂಟು. ಇಂತಹ ಹಣ್ಣುಗಳನ್ನು ಬೆಳೆಯುವ ಜಮೀನುದಾರರು ರಸ ತೆಗೆಯುವ ಒಂದು ಸಣ್ಣ ಯಂತ್ರವನ್ನು ಊರೊಟ್ಟಿನಲ್ಲಿ, ಆಲೆಮನೆಯನ್ನು ನಡೆಸುವಂತೆ ಸರದಿಯ ಮೇಲೆ ನಡೆಸಿದರೆ, ಒಬ್ಬೊಬ್ಬರ ಮೇಲೆ ಬೀಳುವ ವೆಚ್ಚವು ಅಲ್ಪ. ಮಾರಾಟಕ್ಕೆ ಇಳಿಯುವವರು 2006ರ ಆಹಾರ ಸುರಕ್ಷತೆಯ ಕಾಯಿದೆಯ ಪ್ರಕಾರ ನೋಂದಣಿಯನ್ನು ಮಾಡಿಸಿಕೊಳ್ಳತಕ್ಕದ್ದು. ಸೀಸೆಯ ಚೀಟಿಯ ಮೇಲೆ ಹಣ್ಣಿನ ಚಿತ್ರವಿದ್ದರೆ ಒಳಗೆ ಹಣ್ಣೂ ಇರತಕ್ಕದ್ದು.

ಗೇರುಹಣ್ಣು ಕೊಯ್ದ ದಿನವೇ ರಸ ತೆಗೆಯದಿದ್ದರೆ ಬೇಸಗೆಯ ಸೆಕೆಯಲ್ಲಿ ತಾನಾಗಿ ಹುದುಗೇಳುತ್ತದೆ. ಆದುದರಿಂದ ಯಂತ್ರವು ತೋಟಕ್ಕೆ ಹತ್ತಿರವಿರಬೇಕು. ನೆಲಕ್ಕೆ ಬಿದ್ದು ಒಡೆದ ಹಣ್ಣನ್ನು ಸೇರಿಸಕೂಡದು. ಡೆವನ್ನಿನ ಸೀಸವನ್ನು ನೆನೆದು ಪಾತ್ರೆಯ ಆಯ್ಕೆಯಲ್ಲಿಯೂ ಎಚ್ಚರದಿಂದಿರತಕ್ಕದ್ದು. ಕಬ್ಬಿಣದ ಬಾಂಡಲೆಯಲ್ಲಿ ಇಟ್ಟರೆ ಒಗರಿನ ರಸವು ಕಪ್ಪಾಗುತ್ತದೆ. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳನ್ನು ಹುಳಿಯು ಕೊರೆಯುತ್ತದೆ. ತುಕ್ಕು ಹಿಡಿಯದ ಉಕ್ಕಿನ ಪಾತ್ರೆ, ಗಾಜಿನ ಸೀಸೆ, ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದ ಬಟ್ಟೆ ಇವಿಷ್ಟನ್ನು ಮೊದಲನೆಯ ಹಣ್ಣು ಕೆಂಪಾಗುವುದಕ್ಕೆ ಮುಂಚೆಯೇ ಸಿದ್ಧವಾಗಿ ಇಟ್ಟುಕೊಂಡಿರಬೇಕು.